ತಣ್ಣಗಿದೆ, ತಿಳಿಯಾಗಿದೆ

ಎಲ್ಲರೂ ಅದನ್ನು ಕೊಳೆತ ಮೊಟ್ಟೆಯ ವಾಸನೆ ಎನ್ನುತ್ತಾರೆ. ಮೊಜೆಲ್‌ಗೆ ಮಾತ್ರ ಅದು ಅಪ್ಪನ ಬೂಟಿನ ವಾಸನೆ. ಅಣೆಕಟ್ಟು ಮುಗಿದ ಮೊದಲ ವರ್ಷ, ಎಲೆ ಉದುರುವ ಕಾಲ, ಅವಳಿಗಾಗ ಏಳು ತುಂಬಿತ್ತು. ಅಪ್ಪ ನದಿಯಿಂದ ಬಂದವನು ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಬೂಟು ಕಳಚಿದ್ದ. ಒದ್ದೆ ಕಬ್ಬಿಣ, ಗೀರಿ ಆರಿಸಿದ ಬೆಂಕಿಕಡ್ಡಿ, ವರ್ಷಗಟ್ಟಲೆ ಬಾಗಿಲು ತೆಗೆಯದ ನೆಲಮಾಳಿಗೆ, ಇವೆಲ್ಲ ಬೆರೆತ ಒಂದು ವಾಸನೆ ಅಡಿಗೆಮನೆಯೊಳಗೆ ಬಂದು ಕಾಳು ಬೇಯುತ್ತಿದ್ದ ಪಾತ್ರೆಯ ಮೇಲೆ ಕೂತುಬಿಟ್ಟಿತ್ತು. ಅಮ್ಮ ಪೊರಕೆಯ ತುದಿಯಿಂದ ಬೂಟುಗಳನ್ನು ಅಂಗಳಕ್ಕೆ ತಳ್ಳುತ್ತ, 'ಏನನ್ನ ತುಳ್ಕೊಂಡು ಬಂದ್ರಿ?' ಎಂದಳು. 'ನದೀನ' ಎಂದ ಅಪ್ಪ. ಅಷ್ಟೇ. ಅವನು ಜೀವಮಾನವಿಡೀ ಹಿಡಿದಿದ್ದ ಬೆಚ್ಚಗಿನ ನೀರಿನ ಬಾಸ್ ಮೀನುಗಳೆಲ್ಲ ಆ ವಾರ ದಡದುದ್ದಕ್ಕೂ ಬಿದ್ದಿದ್ದವು. ಮುಂದಿನ ವಸಂತದಲ್ಲಿ ಸರ್ಕಾರದ ಲಾರಿಗಳು ಬಂದು ತಣ್ಣೀರಿನ ಟ್ರೌಟ್ ಮೀನುಗಳನ್ನು ಸುರಿದು ಹೋದವು, ಪತ್ರಿಕೆಯವರು ಚಿತ್ರ ತೆಗೆದುಕೊಂಡರು, ಪೇಟೆಯಿಂದ ಉದ್ದ ಗಾಳದ ಕೋಲು ಹಿಡಿದವರು ಬರತೊಡಗಿದರು. ಅಪ್ಪ ಸಾಯುವವರೆಗೂ ಒಂದು ಟ್ರೌಟ್ ತಿನ್ನಲಿಲ್ಲ. ಮೊಜೆಲ್ ತಿಂದಳು, ಆ ನದಿಯ ವಿಜ್ಞಾನ ಕಲಿತಳು, ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕಲಿಸಿದಳು, ನಿವೃತ್ತಳಾದ ಮೇಲೆ ಅದೇ ನದಿಯ ದನಿಯಾದಳು. ಈಗ, ಅಕ್ಟೋಬರಿನ ಕೊನೆಯ ಶುಕ್ರವಾರ, ಬೆಳಿಗ್ಗೆ ಆರು ಗಂಟೆಗೆ, ಅಪ್ಪನ ಹಳೆಯ ಕೋಟು ಹೊದ್ದು ಮನೆಯ ಹಿಂದಿನ ಸುಳಿಮಡುವಿನ ಪಕ್ಕ ನಿಂತಿದ್ದಾಗ ಆ ವಾಸನೆ ಮಂಜಿನೊಳಗಿಂದ ಎದ್ದು ಬಂತು, ಅರವತ್ತು ವರ್ಷ ಎಲ್ಲೂ ಹೋಗಿರಲಿಲ್ಲವೆಂಬಂತೆ.

ಅಣೆಕಟ್ಟು ಇಲ್ಲಿಗೆ ಮೂರು ಮೈಲಿ ಮೇಲೆ. ಅಲ್ಲಿಂದ ಇಳಿದ ನೀರು ಸಿಕಮೋರ್ ಮಡುವಿನಲ್ಲಿ ಒಮ್ಮೆ ನಿಂತು, ತಿರುವು ದಾಟಿ, ಮೊಜೆಲ್‌ಳ ಹಿತ್ತಿಲ ಹಿಂದೆ ಸುತ್ತು ಹಾಕುತ್ತದೆ. ತನಗೆ ಬೇಡವಾದದ್ದನ್ನೆಲ್ಲ ನದಿ ಇಲ್ಲಿ ಇಳಿಸುತ್ತದೆ: ಎಲೆ, ಬಿಯರ್ ಡಬ್ಬ, ಯಾರದೋ ಟೋಪಿ. ಒಂಬತ್ತು ದಿನದಿಂದ ಟ್ರೌಟುಗಳನ್ನು. ಬೆಳ್ಳಗಿನ ಹೊಟ್ಟೆ ಮೇಲೆ ಮಾಡಿಕೊಂಡು, ಉದುರಿದ ಹಳದಿ ಎಲೆಗಳ ನಡುವೆ, ಅವು ನಿಧಾನವಾಗಿ ತಿರುಗುತ್ತಿದ್ದವು. ಮೇಲೆ ಮಡುವಿನಲ್ಲಿ ಹಿಡಿದವರಿಗೆ ಇದು ಕಾಣುವುದಿಲ್ಲ. ಅವರು ಸಭ್ಯರು. ಮೀನನ್ನು ತಿನ್ನುವವರಲ್ಲ, ಬಿಡುವವರು. ಗಾಳದ ಮುಳ್ಳನ್ನು ಇಕ್ಕಳದಲ್ಲಿ ಚಪ್ಪಟೆ ಮಾಡಿಕೊಂಡು ಬರುತ್ತಾರೆ, ಕೈ ಒದ್ದೆ ಮಾಡಿಕೊಂಡು ಮೀನನ್ನು ಮುಟ್ಟುತ್ತಾರೆ, ಒಂದು ಚಿತ್ರ ತೆಗೆದುಕೊಂಡು, ಅದರ ಮೂತಿಯನ್ನು ಹರಿವಿಗೆ ಎದುರಾಗಿ ಹಿಡಿದು, ಅದು ತಾನಾಗಿ ಬಾಲ ಬೀಸುವವರೆಗೂ ಕಾಯುತ್ತಾರೆ. ಬಾಲ ಬೀಸುತ್ತದೆ. ಹೋಗುತ್ತದೆ. ನೋಡಿದವರಿಗೆ ಎದೆ ತುಂಬುತ್ತದೆ. ನೀರಿನಲ್ಲಿ ಉಸಿರಿದ್ದಾಗ ಇದೆಲ್ಲ ಸರಿ. ಬೇಸಿಗೆಯಿಡೀ ಅಣೆಕಟ್ಟಿನ ಹಿಂದಿನ ಕೆರೆಯ ತಳದಲ್ಲಿ ಮುಚ್ಚಿಕೊಂಡಿದ್ದ ನೀರು ಅಕ್ಟೋಬರಿನಲ್ಲಿ ತಳದ ಗೇಟಿನಿಂದ ಹೊರಬಂದಾಗ ಅದು ಹಿಮದಷ್ಟು ತಣ್ಣಗೂ ಗಾಜಿನಷ್ಟು ತಿಳಿಯಾಗಿಯೂ ಇರುತ್ತದೆ, ಆದರೆ ಒಳಗೆ ಉಸಿರಿರುವುದಿಲ್ಲ. ಸುಮ್ಮನೆ ನಿಂತ ಮೀನು ಹೇಗೋ ಬದುಕಿಕೊಳ್ಳುತ್ತದೆ. ಹತ್ತು ನಿಮಿಷ ಗಾಳದ ಜೊತೆ ಗುದ್ದಾಡಿದ ಮೀನಿಗೆ, ಬಾಲ ಒಮ್ಮೆ ಬೀಸುವಷ್ಟು, ತಿರುವು ದಾಟುವಷ್ಟು ಮಾತ್ರ ಉಳಿದಿರುತ್ತದೆ.

ಅವಳು ಮಂಡಿಯೂರಿ ಬಾಟಲಿ ಮುಳುಗಿಸಿದಳು. ಶಾಲೆಯ ಪ್ರಯೋಗಾಲಯ ಮುಚ್ಚಿದ ವರ್ಷ ಕೇಳಿ ತಂದ ಗಾಜಿನ ಬಾಟಲಿ. ಮೊದಲ ದ್ರವ ಎಂಟು ಹನಿ, ಎರಡನೆಯದು ಎಂಟು ಹನಿ, ಬಿರಡೆ ಹಾಕಿ ಮೇಲೆ ಕೆಳಗೆ. ನೀರಿನಲ್ಲಿ ಉಸಿರಿದ್ದರೆ ಕಂದು ಬಣ್ಣದ ಹಿಂಜಿದ ಅರಳೆಯಂಥದು ಏಳುತ್ತದೆ. ಮಕ್ಕಳಿಗೆ ಇದು ಇಷ್ಟವಾಗುತ್ತಿತ್ತು, 'ಮಿಸ್, ಚಾ ಆಯ್ತು ಮಿಸ್!' ಎಂದು ಕೂಗುತ್ತಿದ್ದರು. ಇವತ್ತು ಎದ್ದ ಅರಳೆ ಹೆಚ್ಚುಕಡಿಮೆ ಬೆಳ್ಳಗಿತ್ತು. ನಿನ್ನೆಗಿಂತ ಬೆಳ್ಳಗೆ. ಅವಳು ಬಾಟಲಿಯನ್ನು ಕೋಟಿನ ಜೇಬಿಗೆ ಹಾಕಿ ಎದ್ದಾಗ, ಎಲೆಗಳ ಅಡಿಯಿಂದ ಒಂದು ದೊಡ್ಡ ಬೆನ್ನು ಉರುಳಿ ಮೇಲೆ ಬಂತು. ಕಂದು ಟ್ರೌಟ್. ಮೊಣಕೈಯಿಂದ ಬೆರಳ ತುದಿಯನ್ನೂ ದಾಟುವಷ್ಟು ಉದ್ದ, ಬೆನ್ನ ಮೇಲೆ ಎಂದೋ ಕೊಕ್ಕರೆ ಕುಕ್ಕಿದ ಗಾಯ ಮಾಗಿದ ಗುರುತು. ಹತ್ತು ವರ್ಷವಾದರೂ ಆಗಿರಬೇಕು ಅದಕ್ಕೆ. ಕೊಕ್ಕರೆಯಿಂದ, ನೀರುನಾಯಿಯಿಂದ, ನಾಲ್ಕು ಪ್ರವಾಹದಿಂದ ತಪ್ಪಿಸಿಕೊಂಡು, ಕೊನೆಗೆ ಯಾರದೋ ಕರುಣೆಗೆ ಸಿಕ್ಕಿತ್ತು. ಮೊಜೆಲ್ ಅದನ್ನು ಎರಡು ಕೈಯಲ್ಲೂ ಎತ್ತಿದಳು. ದವಡೆಯ ಮೂಲೆಯಲ್ಲಿ ಗಾಳ ಚುಚ್ಚಿದ ಒಂದು ಸಣ್ಣ ಗುರುತು, ಎಷ್ಟು ಅಚ್ಚುಕಟ್ಟು, ಎಷ್ಟು ಮೃದು. ಬೇರೆ ಮೀನುಗಳನ್ನು ಒಂಬತ್ತು ದಿನದಿಂದ ಟೊಮ್ಯಾಟೊ ಪಾತಿಯಲ್ಲಿ ಹೂತಿದ್ದಳು. ಇದನ್ನು ಕೋಳಿ ಆಹಾರದ ಖಾಲಿ ಚೀಲಕ್ಕೆ ಹಾಕಿ ಟ್ರಕ್ಕಿನ ಹಿಂದೆ ಇಟ್ಟಳು. ಯಾರ ಮುಂದೆ ಎಸೆಯಬೇಕೆಂದು ಆಗಲೇ ಗೊತ್ತಿತ್ತು.

ಹಾಯ್ಟ್ ಕ್ಯಾಗಲ್. ನದಿದಡದ ಗಾಳದಂಗಡಿಯ ಯಜಮಾನ. ಅಪ್ಪ ಇಟ್ಟ ಅಂಗಡಿಯನ್ನು ಮಗ ನಡೆಸುತ್ತಿದ್ದಾನೆ, ಐದು ಜನ ಗೈಡುಗಳು, ಆರು ದೋಣಿ, ಒಂದು ಫೋನು. ಆ ಫೋನಿಗೆ ಕರೆ ಮಾಡಿದರೆ ಮೊಜೆಲ್‌ಳ ದನಿ ಕೇಳುತ್ತದೆ: ಇವತ್ತು ಎಷ್ಟು ಗೇಟು ತೆರೆದಿದೆ, ನೀರು ಎಷ್ಟು ಡಿಗ್ರಿ, ಎಷ್ಟು ತಿಳಿ, ಯಾವ ಹುಳ ಏಳುತ್ತಿದೆ, ಅದಕ್ಕೆ ಗರಿ ದಾರದಿಂದ ಕಟ್ಟಿದ ಯಾವ ನಕಲಿ ಹುಳ ಒಯ್ಯಬೇಕು. ಹನ್ನೆರಡು ವರ್ಷದಿಂದ ದಿನಾ ಬೆಳಿಗ್ಗೆ ಹೇಳಿದ್ದಾಳೆ. ಮೆಂಫಿಸ್‌ನವರು ಕೇಳುತ್ತಾರೆ, ಲಿಟಲ್ ರಾಕ್‌ನವರು ಕೇಳುತ್ತಾರೆ. ಸ್ಪ್ರಿಂಗ್‌ಫೀಲ್ಡ್‌ನ ವೃದ್ಧಾಶ್ರಮದಲ್ಲಿ ಒಬ್ಬ ಮುದುಕ ಇದ್ದಾನಂತೆ, ಇನ್ನೆಂದೂ ನೀರಿಗೆ ಇಳಿಯಲಾರದವನು, ಆದರೂ ದಿನಾ ಏಳೂಕಾಲಿಗೆ ಕರೆ ಮಾಡಿ ಪೂರ್ತಿ ಕೇಳಿ ಇಡುತ್ತಾನೆ. ನಿನ್ನೆ ಅವನಿಗೂ ಸುಳ್ಳು ಹೇಳಿದಳು. ಸುಳ್ಳು ಅಂದರೆ ಒಂದು ಪದವೂ ಸುಳ್ಳಲ್ಲ, ಅದೇ ಅವಳನ್ನು ಇರಿಯುತ್ತಿದ್ದದ್ದು. ನಿನ್ನೆ ಬೆಳಿಗ್ಗೆ ಅವಳು ಬಾಟಲಿಯನ್ನು ಹಾಯ್ಟ್‌ನ ಮೇಜಿನ ಮೇಲಿಟ್ಟಾಗ ಅವನು ನೋಡಲೂ ಇಲ್ಲ. 'ಮೊಜೆಲ್, ಈ ವಾರ ಮೆಂಫಿಸ್‌ನಿಂದ ಹನ್ನೊಂದು ಜನ ಬರ್ತಿದಾರೆ. ಚಳಿಗಾಲಕ್ಕೆ ಮುಂಚಿನ ಕೊನೇ ಗುಂಪು. ನಮ್ಮ ಗೈಡು ಹುಡುಗರಿಗೆ ಬೇರೆ ಏನು ಸಂಪಾದನೆ ಇದೆ ಹೇಳಿ? ನೀರು ತಣ್ಣಗಿದ್ಯಾ?' 'ಇದೆ.' 'ತಿಳಿಯಾಗಿದ್ಯಾ?' 'ಇದೆ, ಆದ್ರೆ...' 'ಮತ್ತೆ ಅಷ್ಟನ್ನೇ ಹೇಳಿ. ನಿಮ್ಮನ್ನ ಸುಳ್ಳು ಹೇಳಿ ಅಂತ ನಾನು ಯಾವತ್ತಾದ್ರೂ ಕೇಳಿದೀನಾ?' ಅಣೆಕಟ್ಟಿನ ಕಚೇರಿಗೆ ಅವಳು ಮೂರು ಸಲ ಫೋನು ಮಾಡಿದ್ದಳು. ಒಬ್ಬ ಬಹಳ ವಿನಯದ ಹುಡುಗ ಮೂರೂ ಸಲ ಅವಳ ಹೆಸರಿನ ಅಕ್ಷರಗಳನ್ನು ಬಿಡಿಸಿ ಹೇಳಿಸಿಕೊಂಡು, ಬರೆದುಕೊಂಡಿದ್ದೇನೆ ಎಂದಿದ್ದ. ಇನ್ನೇನು ಮಾಡಬಹುದಿತ್ತು? ಮಾಡಬಹುದಿತ್ತು. ಫೋನು ಅವಳ ಕೈಯಲ್ಲಿತ್ತು. ಅವಳು ಅದರೊಳಗೆ, ಅಜ್ಜಿ ಕತೆ ಹೇಳುವ ದನಿಯಲ್ಲಿ, 'ತಣ್ಣಗಿದೆ, ತಿಳಿಯಾಗಿದೆ' ಎಂದಳು.

ನಿನ್ನೆ ಹಾಗೆ ಹೇಳಿ ಫೋನಿನ ಕೋಣೆಯಿಂದ ಹೊರಗೆ ಬಂದಾಗ ಲಮಾರ್ ಯೋಕಮ್ ಬಾಗಿಲಿಗೆ ಒರಗಿ ನಿಂತಿದ್ದ. ಹಾಯ್ಟ್‌ನ ಐದು ಗೈಡುಗಳಲ್ಲಿ ಹಿರಿಯ, ನಲವತ್ತು ದಾಟಿದವನು, ಒಂದು ಕಾಲಕ್ಕೆ ಅವಳ ತರಗತಿಯ ಕೊನೆಯ ಬೆಂಚಿನವನು. ಮೇಜಿನ ಮೇಲಿದ್ದ ಬಾಟಲಿಯನ್ನೂ ನೋಡಿದ್ದ, ಅವಳು ಹೇಳಿದ್ದನ್ನೂ ಕೇಳಿದ್ದ. 'ಒಳ್ಳೇ ಮಾರ್ಕ್ಸ್ ಬರತ್ತೆ ಮಿಸ್ ಇದಕ್ಕೆ' ಎಂದ. ನಗಲಿಲ್ಲ ಕೂಡ. ಅವಳ ಕಿವಿ ಕೆಂಪಾಯಿತು. ಹತ್ತನೆಯ ತರಗತಿಯಲ್ಲಿ ಅವನು ನದಿಗೆ ಹೋಗದೆ, ಬಾಟಲಿ ಮುಟ್ಟದೆ, ಒಂದು ತಿಂಗಳ ಅಳತೆಗಳನ್ನು ಮನೆಯಲ್ಲೇ ಕೂತು ಬರೆದು ತಂದಿದ್ದ. ಅಂಕಿಗಳು ತೀರಾ ಚೆನ್ನಾಗಿದ್ದವು, ಅದರಿಂದಲೇ ಸಿಕ್ಕಿಬಿದ್ದ. ಮೊಜೆಲ್ ಅವನನ್ನು ಎಲ್ಲರ ಮುಂದೆ ನಿಲ್ಲಿಸಿ ಒಂದೊಂದು ಸಾಲನ್ನೂ ಓದಿಸಿದಳು, ಒಂದೊಂದು ಸಾಲಿನ ಕೊನೆಗೂ 'ಇದನ್ನ ನಾನು ನೋಡಿಲ್ಲ' ಎಂದು ಹೇಳಿಸಿದಳು. ಮೂವತ್ತು ಸಾಲು. ಹನ್ನೆರಡನೆಯ ಸಾಲಿಗೆ ಅವನ ದನಿ ಒಡೆದಿತ್ತು, ಹುಡುಗಿಯರು ನಕ್ಕಿದ್ದರು, ಅವಳು ನಿಲ್ಲಿಸಲಿಲ್ಲ. ಆಮೇಲೆ ತಿಳಿಯಿತು, ಆ ತಿಂಗಳು ಅವನ ತಾಯಿ ಆಸ್ಪತ್ರೆಯಲ್ಲಿದ್ದಳು, ನದಿಗೆ ಕರೆದುಕೊಂಡು ಹೋಗಲು ಮನೆಯಲ್ಲಿ ಯಾರೂ ಇರಲಿಲ್ಲ. ಅವನು ಅದನ್ನು ಹೇಳಲೂ ಇಲ್ಲ. ಅವಳು ಕ್ಷಮೆ ಕೇಳಲೂ ಇಲ್ಲ. ಇಷ್ಟು ವರ್ಷ ಒಂದೇ ಅಂಗಡಿಯಲ್ಲಿ ಕಾಫಿ ಕುಡಿದರು, ಹಿಮ ಬಿದ್ದ ಬೆಳಿಗ್ಗೆ ಅವಳ ಟ್ರಕ್ಕಿನ ಗಾಜನ್ನು ಯಾರೋ ಕೆರೆದು ಇಟ್ಟಿರುತ್ತಿದ್ದರು, ಯಾರೆಂದು ಅವಳು ಕೇಳಿರಲಿಲ್ಲ.

ಇವತ್ತು ಅಂಗಡಿಯ ಕಡೆಗೆ ಟ್ರಕ್ಕು ಓಡಿಸುತ್ತ ಅವಳು ಸಿಟ್ಟನ್ನು ಕಾಯ್ದುಕೊಂಡಳು, ಗಾಳಿಗೆ ಆರದಂತೆ ದೀಪವನ್ನು ಅಂಗೈಯಲ್ಲಿ ಮುಚ್ಚಿಕೊಂಡು ಹೋಗುವವಳ ಹಾಗೆ. ಕಷ್ಟದ ಕೆಲಸ. ಹಾಯ್ಟ್‌ನ ಮುಖ ನೆನೆದರೆ, ಎರಡು ವರ್ಷದ ಹಿಂದೆ ಅವಳ ಕಾಲು ಮುರಿದಿದ್ದಾಗ ಅವನು ತಂದು ಜೋಡಿಸಿದ ಸೌದೆ ನೆನಪಾಗುತ್ತಿತ್ತು. ರಾಶಿ ಹಾಕಿ ಹೋಗಿರಲಿಲ್ಲ ಅವನು. ದಪ್ಪನೆಯ ತುಂಡುಗಳು ಕೆಳಗೆ, ಕಡ್ಡಿಗಳು ಮೇಲೆ, ಬಗ್ಗದೆಯೇ ಕೈಗೆ ಸಿಗುವ ಎತ್ತರದಲ್ಲಿ; ಅವಳ ಎತ್ತರವನ್ನು ಅವನು ಮನಸ್ಸಿನಲ್ಲೇ ಅಳೆದಿದ್ದ. ಇಂಥವುಗಳನ್ನು ನೋಡುವ ಕಣ್ಣು ಅವಳಿಗೇಕೆ ಬಂತು? ಒಬ್ಬರನ್ನಾದರೂ ಪೂರ್ತಿಯಾಗಿ ದ್ವೇಷಿಸಲು ಬಿಡದ ಕಣ್ಣು. ಲೋಕದಲ್ಲಿ ಆಗುವ ಕೆಟ್ಟದ್ದನ್ನೆಲ್ಲ ಸೌದೆ ಜೋಡಿಸುವಂಥವರೇ ಮಾಡುತ್ತಿರಬೇಕು, ತನ್ನಂಥವರು ಆ ಸೌದೆಯನ್ನು ನೆನೆದು ಬಾಯಿ ಮುಚ್ಚಿಕೊಳ್ಳುತ್ತಿರಬೇಕು. ಸೇತುವೆಯ ಮೇಲೆ ಅವಳು ಬ್ರೇಕು ಒತ್ತಿದಳು. ಕೆಳಗೆ ನೀರು, ಕ್ಯಾಲೆಂಡರಿಗೆ ಹಾಕುವಷ್ಟು ಚೆಲುವಾಗಿ, ಒಂದೊಂದು ಕಲ್ಲೂ ಕಾಣುವ ಹಾಗೆ ಹರಿಯುತ್ತಿತ್ತು. 'ಸುಳ್ಳಿ' ಎಂದಳು ಗಟ್ಟಿಯಾಗಿ. ನದಿಗೋ ತನಗೋ, ಬಿಡಿಸಿ ನೋಡುವ ತಾಳ್ಮೆ ಇರಲಿಲ್ಲ.

ಅಂಗಡಿಯೊಳಗೆ ಮೆಂಫಿಸ್‌ನ ಹನ್ನೊಂದು ಜನರೂ ಐದು ಗೈಡುಗಳೂ ಇದ್ದರು, ಕಾಫಿ, ಒದ್ದೆ ಉಣ್ಣೆ, ಹೊಸ ರಬ್ಬರಿನ ವಾಸನೆ. ಹಾಯ್ಟ್ ಹುಳಗಳ ಪೆಟ್ಟಿಗೆ ತೆರೆದಿಟ್ಟು ಒಬ್ಬರಿಗೆ ಆರಿಸಿಕೊಡುತ್ತಿದ್ದ. ಲಮಾರ್ ಮೂಲೆಯಲ್ಲಿ ಮಧ್ಯಾಹ್ನದ ಅಡಿಗೆಯ ಐಸ್ ಪೆಟ್ಟಿಗೆಗೆ ಈರುಳ್ಳಿ, ಆಲೂಗಡ್ಡೆ ತುಂಬುತ್ತಿದ್ದ. ನದಿಯ ಮರಳುದಿಣ್ಣೆಯ ಮೇಲೆ ಗಿರಾಕಿಗಳಿಗೆ ಬಿಸಿಯಡಿಗೆ ಮಾಡಿ ಬಡಿಸುವುದು ಇಲ್ಲಿಯ ಗೈಡುಗಳ ಹೆಮ್ಮೆ. ಯಾರೋ ಕೈಗೆ ಹಿಡಿಸಿದ ಕಾಫಿ ಲೋಟಕ್ಕೆ ಥ್ಯಾಂಕ್ಸ್ ಹೇಳಿ, ನೇರ ಹಾಯ್ಟ್‌ನ ಹತ್ತಿರ ಹೊರಟ ಮೊಜೆಲ್‌ಳನ್ನು ತೆಳ್ಳಗಿನ, ಅರವತ್ತರ ಆಸುಪಾಸಿನ ಒಬ್ಬರು ತಡೆದರು. 'ಮೇಡಂ, ಥ್ಯಾಂಕ್ಸ್ ಅಂತ ಈಗ ಹೇಳಿದ್ರಲ್ಲ ಅವರಿಗೆ, ಆ ದನಿ... ನೀವೇನಾ ಅದು? ಫೋನಿನಲ್ಲಿ ಬರೋದು?' ಹೌದೆಂದಳು. ಅವರ ಮುಖ ಅರಳಿತು. ವಿನ್‌ಫ್ರೀ ಎಂದು ಹೆಸರು ಹೇಳಿಕೊಂಡರು, ಹಲ್ಲಿನ ಡಾಕ್ಟರಂತೆ. 'ಒಂದು ದಿನ ಮುಂಚೇನೇ ಬಂದ್ಬಿಟ್ಟೆ, ಬುಧವಾರದ ತನಕ ಬರೋದೋ ಬೇಡ್ವೋ ಅಂತಿದ್ದೆ. ನಿನ್ನೆ ಬೆಳಿಗ್ಗೆ ನೀವು ತಣ್ಣಗಿದೆ, ತಿಳಿಯಾಗಿದೆ ಅಂದ್ರಿ, ಕಾರು ಹತ್ತಿದೆ. ಹಾಯ್ಟ್ ಮಾತು ನಾನು ನಂಬಲ್ಲ ನೋಡಿ, ಅಂಗಡಿಯವನು ಅವನು.' 'ಕೇಳಿಸ್ತು ಡಾಕ್ಟ್ರೇ' ಎಂದ ಹಾಯ್ಟ್ ಅಲ್ಲಿಂದಲೇ. 'ಕೇಳಿಸ್ಲಿ ಅಂತಾನೇ ಹೇಳಿದ್ದು. ನಿಮ್ಮನ್ನ ಮಾತ್ರ ನಂಬ್ತೀನಿ ಮೇಡಂ. ಇಲ್ನೋಡಿ.'

ಅವರು ಫೋನು ಮುಂದೆ ಹಿಡಿದರು. ಸಿಕಮೋರ್ ಮಡು, ಸಂಜೆಯ ಓರೆ ಬಿಸಿಲು, ಸೊಂಟದವರೆಗೆ ನೀರಿನಲ್ಲಿ ನಿಂತ ಡಾಕ್ಟರು, ಕೈಯಲ್ಲಿ ಕಂದು ಟ್ರೌಟ್. ಬೆನ್ನ ಮೇಲೆ ಕೊಕ್ಕರೆ ಕುಕ್ಕಿದ ಗುರುತು. 'ಹತ್ತೊಂಬತ್ತು ವರ್ಷದಿಂದ ಬರ್ತಿದೀನಿ, ಇಂಥದ್ದು ಇದೇ ಮೊದಲು. ಎರಡು ನಿಮಿಷ ಹಿಡ್ಕೊಂಡಿದ್ದೆ ನೀರಲ್ಲೇ, ಕೈ ಮರಗಟ್ಟಿಹೋಯ್ತು. ಬಿಡೋಕೆ ಮುಂಚೆ ಅದನ್ನ ಕ್ಷಮೆ ಕೇಳಿದೆ, ನಗಬೇಡಿ. ಹೇಗೆ ಹೋಯ್ತು ಅಂತೀರಿ! ಲಮಾರ್, ಹೇಳಯ್ಯ, ಹೇಗೆ ಹೋಯ್ತು?' ಲಮಾರ್ ಆಲೂಗಡ್ಡೆಯಿಂದ ತಲೆ ಎತ್ತದೆ 'ಹೋಯ್ತು ಡಾಕ್ಟ್ರೇ' ಎಂದ. ಮೊಜೆಲ್‌ಳ ಕೈಯ ಕಾಫಿ ತುಳುಕಿ ತೋಳಿನ ಮೇಲೆ ಬಿತ್ತು. ಡಾಕ್ಟರು ತಟ್ಟನೆ ತಮ್ಮ ಕರವಸ್ತ್ರ ತೆಗೆದು ಒರೆಸಿದರು, ಸುಟ್ಟಿತೇ ಎಂದು ಕೇಳಿದರು, ಲೋಟ ತೆಗೆದುಕೊಂಡು ಇನ್ನೊಂದು ತುಂಬಿಸಿ ತಂದರು, ಹಿಡಿ ಅವಳ ಕಡೆಗೆ ಬರುವಂತೆ ತಿರುಗಿಸಿ ಕೊಟ್ಟರು. ಅವಳಿಗೆ ಅಲ್ಲೇ ಕಿರುಚಬೇಕೆನಿಸಿತು. ಯಾಕೆ ಒರೆಸುತ್ತೀಯ? ಯಾಕೆ ಹಿಡಿ ತಿರುಗಿಸುತ್ತೀಯ? ಎಲ್ಲರೂ ಇಷ್ಟು ಒಳ್ಳೆಯವರಾಗಿದ್ದರೆ ನನ್ನ ಹಿತ್ತಿಲಲ್ಲಿ ಬಿದ್ದಿರುವುದನ್ನು ಕೊಂದವರು ಯಾರು?

'ಏಳು ಗಂಟೆ ಆಗ್ತಾ ಬಂತು ಮೊಜೆಲ್' ಎಂದ ಹಾಯ್ಟ್. ಅವಳ ಕೋಟಿನ ಜೇಬು ಉಬ್ಬಿದ್ದನ್ನು ಅವನು ನೋಡಿದ. 'ನಿನ್ನೇದೇ ಸಾಕು. ಗೇಟು ಒಂದು ಅಂತ ಬದಲಾಯಿಸಿ, ಅಷ್ಟೇ.' ಒಂದು ಕ್ಷಣ ಬಿಟ್ಟು, ಗಿರಾಕಿಗಳಿಗೆ ಕೇಳುವಂತೆ, ಹಿರಿಯರನ್ನು ಗದರುವ ಲಘು ದನಿಯಲ್ಲಿ, 'ಪಾಠ ಮಾಡಬೇಡಿ ಮತ್ತೆ, ಇಲ್ಲಿ ಯಾರಿಗೂ ಪರೀಕ್ಷೆ ಇಲ್ಲ!' ಎಂದ. ಇಬ್ಬರು ಮೂವರು ನಕ್ಕರು. ಕೋಲುಗಳನ್ನು ನಿಲ್ಲಿಸಿದ ಪುಟ್ಟ ಕೋಣೆಗೆ ಹೋಗಿ ಅವಳು ಬಾಗಿಲು ಹಾಕಿಕೊಂಡಳು. ಹೆಸರಿಗೆ ಕೋಣೆ, ನಿಂತರೆ ಭುಜ ತಾಗುವಷ್ಟು. ಗೋಡೆಯ ಮೇಲೆ ಫೋನು, ಪಕ್ಕದಲ್ಲಿ ಧ್ವನಿ ಮುದ್ರಿಸುವ ಹಳೆಯ ಪೆಟ್ಟಿಗೆ. ಅಂಗಡಿಯಲ್ಲೊಂದು ಪದ್ಧತಿಯಿದೆ, ಹಾಯ್ಟ್‌ನ ಅಪ್ಪ ಹಾಕಿಕೊಟ್ಟದ್ದು. ಮುದ್ರಿಸಿದ್ದನ್ನು ಫೋನಿಗೆ ಬಿಡುವ ಮುಂಚೆ ಒಮ್ಮೆ ಅಂಗಡಿಯ ಗೋಡೆಯ ಧ್ವನಿಪೆಟ್ಟಿಗೆಯಲ್ಲಿ ಹಾಕುತ್ತಾರೆ. ಆಗ ಯಾರೂ ಬೂಟು ಹಾಕುವುದಿಲ್ಲ, ಹುಳ ಆರಿಸುವುದಿಲ್ಲ, ಲೋಟ ಹಿಡಿದು ಸುಮ್ಮನೆ ನಿಂತು ಕೇಳುತ್ತಾರೆ, ಹೊಸಬರೂ ಅವರನ್ನು ನೋಡಿ ಸುಮ್ಮನಾಗುತ್ತಾರೆ. ಮುಗಿದ ಮೇಲೆ ಹಾಯ್ಟ್ ಕೆಂಪು ಗುಂಡಿ ಒತ್ತಿದರೆ ಅದು ಹೊರಗಿನ ಲೋಕಕ್ಕೆ ಹೋಗುತ್ತದೆ. ಅವಳು ಬಾಟಲಿಯನ್ನು ಜೇಬಿನಿಂದ ತೆಗೆದು ಫೋನಿನ ಮೇಲಿಟ್ಟಳು. ಬೆಳ್ಳಗಿನ ಅರಳೆ ತಳಕ್ಕೆ ಇಳಿದಿತ್ತು. ಮೂವತ್ತು ಸಾಲು ಓದಿಸಿದ್ದೆ ನಾನು ಅವನಿಂದ, ಎಂದುಕೊಂಡಳು.

ಗೋಡೆಯಿಂದ ತನ್ನ ದನಿ ಬರುವಾಗ ಅವಳು ಗಲ್ಲಾದ ಪಕ್ಕ ನಿಂತಿದ್ದಳು. 'ಶುಕ್ರವಾರ, ಬೆಳಿಗ್ಗೆ ಏಳು ಗಂಟೆ. ಅಣೆಕಟ್ಟಿನಲ್ಲಿ ಒಂದು ಗೇಟು. ನೀರು ಐವತ್ತೊಂದು ಡಿಗ್ರಿ ಫ್ಯಾರನ್‌ಹೀಟ್. ತಣ್ಣಗಿದೆ, ತಿಳಿಯಾಗಿದೆ.' ಹಾಯ್ಟ್‌ನ ಭುಜ ಸಡಿಲವಾಯಿತು. 'ಅದರಲ್ಲಿ ಉಸಿರಿಲ್ಲ. ಒಂಬತ್ತು ದಿನದಿಂದ ಇಲ್ಲ. ನನಗೆ ಗೊತ್ತಿತ್ತು, ನಿನ್ನೆಯವರೆಗೂ ನಾನು ಹೇಳಲಿಲ್ಲ. ಇವತ್ತು ನೀವು ಬಿಡುವ ಮೀನು ನಿಮ್ಮ ಕಣ್ಣೆದುರು ಬಾಲ ಬೀಸಿ ಹೋಗುತ್ತದೆ, ತಿರುವು ದಾಟಿ ಸಾಯುತ್ತದೆ. ಅವು ನನ್ನ ಮನೆಯ ಹಿಂದೆ ಬಂದು ಬೀಳುತ್ತವೆ, ಅದಕ್ಕೇ ನಿಮಗೆ ಕಾಣುವುದಿಲ್ಲ. ನಿನ್ನೆ ಸಂಜೆ ಸಿಕಮೋರ್ ಮಡುವಿನಲ್ಲಿ ಬಿಟ್ಟ ದೊಡ್ಡ ಕಂದು ಟ್ರೌಟ್, ಬೆನ್ನ ಮೇಲೆ ಕೊಕ್ಕರೆಯ ಗುರುತಿದ್ದದ್ದು, ಹೊರಗೆ ನನ್ನ ಟ್ರಕ್ಕಿನಲ್ಲಿದೆ. ಕೆರೆಯ ಮೇಲಿನ ನೀರೂ ತಳದ ನೀರೂ ಬೆರೆತು ಉಸಿರು ಬರುವವರೆಗೆ ದಯವಿಟ್ಟು ಯಾರೂ ನದಿಗೆ ಇಳಿಯಬೇಡಿ.' ಕೊರ್ ಎಂಬ ಸದ್ದಿಗೆ ಪೆಟ್ಟಿಗೆ ನಿಂತಿತು. ಕೊನೆಯಲ್ಲಿ ಆ ಕಂದು ಮೀನಿನ ಮಾತು ಬೇಕಿರಲಿಲ್ಲ. ಮುದ್ರಿಸುವಾಗಲೇ ಅವಳಿಗೆ ಅದು ಗೊತ್ತಿತ್ತು. ಅದಿಲ್ಲದೆಯೂ ಸತ್ಯ ಪೂರ್ತಿಯಾಗಿತ್ತು. ಯಾರಿಗಾದರೂ ನೋಯಲಿ ಎಂದು ಸೇರಿಸಿದ್ದಳು, ನೋಯಬೇಕಾದವರಲ್ಲಿ ಅತ್ಯಂತ ಕಡಿಮೆ ತಪ್ಪಿದ್ದವರಿಗೆ ಅದು ಹೋಗಿ ತಾಗಿತು. ಡಾಕ್ಟರು ಲೋಟವನ್ನು ಕಿಟಕಿಯ ಮೇಲಿಟ್ಟು ಹೊರಗೆ ಹೋದರು. ಗಾಜಿನಾಚೆ ಅವರು ಟ್ರಕ್ಕಿನ ಹಿಂದೆ ನಿಂತದ್ದು ಕಂಡಿತು. ಚೀಲದ ಬಾಯಿ ಬಿಡಿಸಿದರು. ಟೋಪಿ ತೆಗೆದರು. ಅವರ ನೆತ್ತಿಯ ಮೇಲೆ ಕೂದಲು ಬಹಳ ಕಡಿಮೆಯಿತ್ತು.

'ಅದನ್ನ ಅಳಿಸಿ' ಎಂದ ಹಾಯ್ಟ್ ಮೆಲ್ಲಗೆ. 'ಮೊಜೆಲ್. ಹುಡುಗರ ಮುಖ ನೋಡಿ.' ನೋಡಿದಳು. ಐದೂ ಗೈಡುಗಳು ನೆಲ ನೋಡುತ್ತಿದ್ದರು. 'ನೋಡ್ದೆ' ಎಂದು ಅವನ ತೋಳಿನಡಿ ಕೈ ಹಾಯಿಸಿ ಕೆಂಪು ಗುಂಡಿ ಒತ್ತಿದಳು. ಹನ್ನೆರಡು ವರ್ಷದಲ್ಲಿ ಅದನ್ನು ಎಂದೂ ಮುಟ್ಟಿರಲಿಲ್ಲ, ಅಷ್ಟು ಮೆತ್ತಗಿರುತ್ತದೆ ಎಂದುಕೊಂಡಿರಲಿಲ್ಲ. ಹಾಯ್ಟ್ ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟು ಚೆನ್ನಾಗಿತ್ತು. ಅವನು ಅಂಗೈ ಚಾಚಿದ, ಅವಳು ಅಂಗಡಿಯ ಬೀಗದಕೈಯನ್ನು ಗೊಂಚಲಿನಿಂದ ಬಿಡಿಸತೊಡಗಿದಳು, ಉಂಗುರ ಗಟ್ಟಿಯಾಗಿತ್ತು, ಉಗುರು ಸಿಕ್ಕಿಕೊಂಡು ಮುರಿಯಿತು, ಹದಿನೈದು ಜೊತೆ ಕಣ್ಣು ಅವಳ ಬೆರಳುಗಳನ್ನೇ ನೋಡುತ್ತಿದ್ದವು. ಕೊನೆಗೆ ಹಾಯ್ಟ್ ತಾನೇ ಗೊಂಚಲು ತೆಗೆದುಕೊಂಡು, ಬೀಗದಕೈ ಬಿಡಿಸಿಕೊಂಡು, ಉಳಿದದ್ದನ್ನು ಅವಳಿಗೆ ವಾಪಸು ಕೊಟ್ಟ. 'ಇವ್ರು ಮನೇಲೂ ಹೀಗೇನಾ?' ಎಂದ ಮೆಂಫಿಸ್‌ನ ಒಬ್ಬ ಯುವಕ, ವಾತಾವರಣ ತಿಳಿಮಾಡುವ ಆಸೆಯಿಂದ. ಯಾರೂ ನಗಲಿಲ್ಲ. ಬಾಗಿಲ ಹತ್ತಿರ ಲಮಾರ್ ಈರುಳ್ಳಿ ಚೀಲ ಹಿಡಿದು ನಿಂತಿದ್ದ. 'ಚಳಿಗಾಲಕ್ಕೆ ಮುಂಚೆ ನಂಗೆ ಇದೊಂದೇ ಟ್ರಿಪ್ ಉಳಿದಿತ್ತು ಮಿಸ್' ಎಂದ. 'ಗೊತ್ತು.' 'ಗೊತ್ತಿದ್ದೂ.' 'ಗೊತ್ತಿದ್ದೂ' ಎಂದಳು. ಅವನು ಬಾಗಿಲಿನಿಂದ ಸರಿದ.

ಮನೆಗೆ ಬಂದು ಚೀಲ ಎತ್ತಿದಾಗ ಅದರ ಬಾಯಿಯನ್ನು ಎರಡು ಸಲ ಮಡಿಸಿ, ಮಡಿಕೆಯ ಒಳಗೆ ಒಂದು ಕರವಸ್ತ್ರವನ್ನು ಒದ್ದೆ ಮಾಡಿ ಇಟ್ಟಿದ್ದು ಕಂಡಿತು. ಮೀನಿನ ಕಣ್ಣು ಒಣಗದಿರಲೆಂದೋ, ನೊಣ ಕೂರದಿರಲೆಂದೋ. ಅದರ ಮೇಲೆ ಅವಳ ಕಾಫಿಯ ಕಲೆಯಿತ್ತು. ಮೊಜೆಲ್ ಟೊಮ್ಯಾಟೊ ಪಾತಿಯಲ್ಲಿ ಗುದ್ದಲಿ ಹಾಕಿದಳು. ನೆಲ ಗಟ್ಟಿಯಾಗಿತ್ತು, ಒಂದೊಂದು ಏಟಿಗೂ ಒಂದೊಂದು ಮುಖ ಬಂತು: ಅಣೆಕಟ್ಟಿನ ಕಚೇರಿಯಲ್ಲಿ ಬೆಚ್ಚಗೆ ಕೂತು ಹೆಸರು ಬರೆದುಕೊಳ್ಳುವ ವಿನಯದ ಹುಡುಗ, ಹಾಯ್ಟ್, ಅವನ ಸೌದೆ, 'ಹೋಯ್ತು ಡಾಕ್ಟ್ರೇ' ಎಂದ ಲಮಾರ್. ಅವನಿಗೂ ಗೊತ್ತಿತ್ತಲ್ಲ. ಎಲ್ಲರಿಗೂ ಗೊತ್ತಿತ್ತು. ಗುಂಡಿ ಬೇಕಾದ್ದಕ್ಕಿಂತ ಆಳವಾಯಿತು, ಆದರೂ ಅಗೆದಳು. ಟೋಪಿ ತೆಗೆದ ಆ ನೆತ್ತಿ ಬಂದಾಗ ಗುದ್ದಲಿ ನಿಂತಿತು. ಹತ್ತೊಂಬತ್ತು ವರ್ಷ ಕಾದ ಒಂದು ಸಂಜೆಯನ್ನು ಅವಳು ಗೋಡೆಯ ಪೆಟ್ಟಿಗೆಯಿಂದ, ಅವರ ಗೆಳೆಯರೆದುರು, ಕಿತ್ತುಕೊಂಡಿದ್ದಳು. ಪಕ್ಕಕ್ಕೆ ಕರೆದು ಹೇಳಬಹುದಿತ್ತು. ಲಮಾರ್‌ನನ್ನೂ ಅವತ್ತು ಪಕ್ಕಕ್ಕೆ ಕರೆದು ಕೇಳಬಹುದಿತ್ತು. ಸತ್ಯ ಹೇಳಲು ಅವಳಿಗೆ ಯಾವಾಗಲೂ ಒಂದು ತರಗತಿ ತುಂಬ ಜನ ಬೇಕು. ಅವಳು ಮೀನನ್ನು ಇಳಿಸಿ, ಕರವಸ್ತ್ರವನ್ನು ತೆಗೆಯಲೋ ಬಿಡಲೋ ಎಂದು ತಡವರಿಸಿ, ತೆಗೆದು, ಒಗೆದು, ತಂತಿಯ ಮೇಲೆ ಹಾಕಿದಳು. ವಿಳಾಸ ಹುಡುಕಿ ಕಳಿಸಬೇಕು. ಜೊತೆಗೆ ಏನು ಬರೆಯುವುದು? ಏಳೂಕಾಲು ಯಾವಾಗಲೋ ಕಳೆದಿತ್ತು. ಸ್ಪ್ರಿಂಗ್‌ಫೀಲ್ಡ್‌ನ ಮುದುಕ ಕೇಳಿರುತ್ತಾನೆ. ನಾಳೆ ಯಾರ ದನಿ ಇರುತ್ತದೋ. ಮೇಲೆ ಅಣೆಕಟ್ಟಿನ ಸೈರನ್ನು ಕೂಗಿತು, ಉದ್ದಕ್ಕೆ ಎರಡು ಸಲ, ಅವಳ ನಾಲಿಗೆ ತಾನಾಗಿ 'ಎರಡು ಗೇಟು' ಎಂದಿತು. ಅದು ಅವಳಿಗೆ ಎಷ್ಟು ಸಿಟ್ಟು ತರಿಸಿತೆಂದರೆ ಎದ್ದು ಗುದ್ದಲಿಯನ್ನು ಬೇಲಿಯಾಚೆ ಎಸೆದಳು.

ಹನ್ನೆರಡೂವರೆಗೆ ಲಮಾರ್‌ನ ಟ್ರಕ್ಕು ಬಂದು ನಿಂತಿತು. ಹಿಂದೆ ಗಾಡಿಯ ಮೇಲೆ ಅವನ ದೋಣಿ, ಇವತ್ತು ನೀರಿಗಿಳಿಯದ, ಒಣಗಿದ ದೋಣಿ. ಬೈಯಲು ಬಂದಿದ್ದಾನೆ, ಬೈಯಲಿ ಎಂದುಕೊಂಡು ಅವಳು ಜಗಲಿಯ ಮೆಟ್ಟಿಲ ಮೇಲೆಯೇ ಕೂತಳು. ಅವನು ಬೇಲಿಯಾಚೆ ಬಿದ್ದಿದ್ದ ಗುದ್ದಲಿಯನ್ನು ಎತ್ತಿ ಒಳಗಡೆ ಒರಗಿಸಿ, ಸುಳಿಮಡುವಿನವರೆಗೆ ಹೋಗಿ ಬಂದ. ಅಲ್ಲಿ ಅವನು ಬಹಳ ಹೊತ್ತು ನಿಂತಿದ್ದ, ಕೈ ಜೇಬಿನಲ್ಲಿ. ವಾಪಸು ಬಂದವನ ಬೂಟಿನಿಂದ ಆ ವಾಸನೆ ಬರುತ್ತಿತ್ತು. ಟ್ರಕ್ಕಿನ ಹತ್ತಿರ ಹೋಗಿ, ಮುಂದಿನ ಸೀಟಿನಿಂದ ಎರಡು ಬಟ್ಟೆಯಲ್ಲಿ ಹಿಡಿದು ಒಂದು ತಗಡಿನ ತಟ್ಟೆ ತಂದ, ಮೇಲೆ ಅಲ್ಯೂಮಿನಿಯಂ ಹಾಳೆ ಮುಚ್ಚಿತ್ತು.

'ಎಲ್ಲಾ ಹೆಚ್ಚಿಟ್ಬಿಟ್ಟಿದ್ದೆ ಬೆಳಿಗ್ಗೇನೇ' ಎಂದ. 'ಮರಳುದಿಣ್ಣೆಗೆ ನಡ್ಕೊಂಡೇ ಹೋಗಿ ಮಾಡ್ದೆ. ಅಲ್ಲಾದ್ರೆ ಒಲೆ ಸರಿಯಾಗಿ ಉರಿಯತ್ತೆ.'

'ಒಬ್ಬನೇನಾ?'

'ಡಾಕ್ಟ್ರೂ ಇದ್ರು. ಸ್ವಲ್ಪ ತಿಂದ್ರು. ಆಮೇಲೆ ಹೋದ್ರು.'

ಅವಳು ಏನೋ ಹೇಳಲು ಬಾಯಿ ತೆರೆದಳು, ಮೂವತ್ತು ಸಾಲಿನ ಮಾತು, ತಾಯಿಯ ಆಸ್ಪತ್ರೆಯ ಮಾತು. 'ಲಮಾರ್, ಆವತ್ತು ಕ್ಲಾಸಿನಲ್ಲಿ ನಾನು...' ಎಂದಳು.

'ಆರ್ಹೋಗತ್ತೆ ಮಿಸ್' ಎಂದ ಅವನು. 'ಮೇಲೆ ಹಂದಿ ಚಾಪ್ಸು, ಕೆಳಗೆ ಆಲೂಗಡ್ಡೆ ಈರುಳ್ಳಿ. ಮೀನು ಮಾಡ್ಲಿಲ್ಲ.'

ತಟ್ಟೆಯ ಒಂದು ಅಂಚು ಒಲೆಯ ಕಡೆಗಿದ್ದು ಕಪ್ಪಾಗಿತ್ತು. ಅದು ತನ್ನ ಕಡೆ ಇರುವಂತೆ ತಿರುಗಿಸಿಕೊಂಡು, ಬಿಸಿ ತಾಗದ ಅಂಚಿಗೆ ಬಟ್ಟೆ ಸುತ್ತಿ, ಅವನು ತಟ್ಟೆಯನ್ನು ಅವಳ ಕೈಗೆ ಕೊಟ್ಟ.